ಮೊದಲು ಅರ್ಥ, ಆಮೇಲೆ ಇಂಗ್ಲಿಷ್

ವೈವಾದಲ್ಲಿ ಸುಮ್ಮನೆ ನಿಂತವರಿಗೆಲ್ಲ ವಿಷಯ ಗೊತ್ತಿಲ್ಲ ಅಂತಲ್ಲ. ಎಷ್ಟೋ ಸಲ ಗೊತ್ತಿರೋದನ್ನ ಹೇಳೋಕೆ ಇಂಗ್ಲಿಷ್ ವಾಕ್ಯ ಸಿಕ್ಕಿರಲ್ಲ. ಹಾಗಾಗಿ ಕನ್ನಡ ಮಾಧ್ಯಮದ ಜೂನಿಯರ್‌ಗಳಿಗೆ ನಾವು ಹೇಳಿಕೊಡುವ ಪಾಠಕ್ಕೆ ಎರಡು ಗುರಿ ಇರಲಿ: ವಿಷಯ ಒಂದು, ಭಾಷೆ ಇನ್ನೊಂದು.

ಗೌರಿಬಿದನೂರಿನ ರೇಡಿಯೋ ದೂರದರ್ಶಕವನ್ನೇ ತಗೊಳ್ಳೋಣ. ಟಿ ಆಕಾರದಲ್ಲಿ 1000 ಡೈಪೋಲ್‌ಗಳು, ಆವರ್ತನ 34.5 ಮೆಗಾಹರ್ಟ್ಸ್. ತರಂಗಾಂತರ ಎಷ್ಟು? ಮೊದಲು ಕನ್ನಡದಲ್ಲೇ ಚರ್ಚಿಸೋಣ: ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿದರೆ ಸುಮಾರು 8.7 ಮೀಟರ್.

ಆಮೇಲೆ ಬೋರ್ಡ್ ಮೇಲೆ ಎರಡೇ ಪದ: ವೇವ್‌ಲೆಂತ್, ಫ್ರೀಕ್ವೆನ್ಸಿ. ಜೊತೆಗೊಂದು ವಾಕ್ಯದ ಚೌಕಟ್ಟು: ‘ಆ್ಯಸ್ ____ ಇನ್‌ಕ್ರೀಸಸ್, ____ ಡಿಕ್ರೀಸಸ್’. ಖಾಲಿ ಜಾಗ ತುಂಬಿ ಜೋಡಿಯಾಗಿ ಹೇಳಲಿ, ನಂತರ ಬರೆಯಲಿ.

ಲೆಕ್ಕ ಸರಿಯಿದ್ದು ವಾಕ್ಯ ತಪ್ಪಿದರೆ ಲೆಕ್ಕದ ಅಂಕ ಕಳೆಯೋದು ಬೇಡ. ವಾಕ್ಯವನ್ನು ಬೇರೆಯಾಗಿ ತಿದ್ದೋಣ.