ಗಣಕಯಂತ್ರದ ನಿದ್ರೆ ಮತ್ತು ವಿವರಣೆಯ ಶುದ್ಧಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಆದುದರಿಂದ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಒಂದು ಪಾಠವನ್ನೇ ಬರೆಯುವುದು ಲೇಸೆಂದು ನಿರ್ಧರಿಸಿದೆ. ವಿಷಯವು ಹೊಸದಾದರೂ ಅದರ ಒಳಗಿರುವ ನೀತಿಯು ನಾವು ನೋಟುಬುಕ್ಕುಗಳನ್ನು ತಿದ್ದುತ್ತಿದ್ದ ಕೆಂಪು ಶಾಯಿಯಷ್ಟೇ ಹಳೆಯದು.

ಕೇರಳದ ಶಾಲೆಗಳಲ್ಲಿ ಗಣಕ ಶಿಕ್ಷಣಕ್ಕಾಗಿ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆಯು ಆರಂಭವಾಯಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಈ ವ್ಯವಸ್ಥೆಯಲ್ಲಿ ಶಾಲೆಗಳ ಗಣಕಯಂತ್ರಗಳು ಲಿನಕ್ಸನ್ನು ಆಧರಿಸಿ ನಡೆಯುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಮುಟ್ಟುವ ಯಂತ್ರದ ಒಳಗೂ ಇದೇ ಇದೆ. ದಿನನಿತ್ಯ ಬಳಸುವ ವಸ್ತುವಿನ ಒಳಗನ್ನು ಸ್ವಲ್ಪಮಟ್ಟಿಗಾದರೂ ತಿಳಿದಿರುವುದು ಒಳ್ಳೆಯದಲ್ಲವೇ?

ತಿರುಳು ಮತ್ತು ಅದರ ನಿದ್ರೆ

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ಅತ್ಯಂತ ಒಳಭಾಗಕ್ಕೆ ಕರ್ನೆಲ್ ಎಂದು ಹೆಸರು. ಕರ್ನೆಲ್ ಎಂದರೆ ತಿರುಳು. ಯಂತ್ರದ ಸ್ಮೃತಿ, ಪರದೆ, ಕೀಲಿಮಣೆ, ಡಿಸ್ಕು ಇವೆಲ್ಲವನ್ನೂ ಆಳುವುದು ಈ ತಿರುಳೇ. ಲಿನಕ್ಸ್ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಬರೆಯಲಾರಂಭಿಸಿದರು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿಯನ್ನು ಸೂಚಿಸಬಹುದು.

ತಿರುಳಿನ ಕೆಲಸಗಳಲ್ಲಿ ವಿದ್ಯುತ್ ನಿರ್ವಹಣೆಯೂ ಒಂದು. ಕೆಲಸವಿಲ್ಲದಾಗ ಯಂತ್ರವನ್ನು ನಿದ್ರೆಗೆ ಕಳುಹಿಸಿ, ಬೇಕಾದಾಗ ಎಬ್ಬಿಸಬೇಕು. ನಿದ್ರೆಯಲ್ಲಿ ಹಲವು ಬಗೆ. ಒಂದರಲ್ಲಿ ಸ್ಮೃತಿಗೆ ಮಾತ್ರ ವಿದ್ಯುತ್ತನ್ನು ಉಳಿಸಿ ಉಳಿದ ಬಹುಭಾಗವನ್ನು ನಿಲ್ಲಿಸಲಾಗುತ್ತದೆ. ಇನ್ನೊಂದರಲ್ಲಿ ಸ್ಮೃತಿಯಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರವನ್ನೇ ಆರಿಸಲಾಗುತ್ತದೆ. ಇದಕ್ಕೆ ಹೈಬರ್ನೇಶನ್ ಎನ್ನುತ್ತಾರೆ. ಮತ್ತೊಂದು ಹಗುರವಾದ ನಿದ್ರೆ. ಅದರಲ್ಲಿ ಕಾರ್ಯಕ್ರಮಗಳನ್ನು ತಡೆದಿಟ್ಟು ಸಂಸ್ಕಾರಕವನ್ನು ವಿಶ್ರಾಂತಿಯಲ್ಲಿರಿಸಲಾಗುತ್ತದೆ.

ಮಲಗಿಸುವುದಕ್ಕೂ ಎಬ್ಬಿಸುವುದಕ್ಕೂ ಕ್ರಮವುಂಟು. ಸಂಜೆ ಶಾಲೆಯನ್ನು ಮುಚ್ಚುವಾಗ ಮೊದಲು ತರಗತಿಗಳ ಬಾಗಿಲು, ಕೊನೆಗೆ ಹೊರಗಿನ ಗೇಟು. ಬೆಳಿಗ್ಗೆ ಮೊದಲು ಗೇಟು, ಆಮೇಲೆ ತರಗತಿಗಳು. ಹಾಗೆಯೇ ಒಂದು ಸಾಧನಕ್ಕೆ ಜೋಡಿಸಿದ ಉಪಸಾಧನವು ಮೊದಲು ಮಲಗಬೇಕು, ತಾಯಿ ಸಾಧನವು ಅನಂತರ. ಏಳುವಾಗ ಇದು ತಿರುಗುಮುರುಗು. ಈ ಕ್ರಮವು ತಪ್ಪಿದರೆ ಯಂತ್ರವು ಮಲಗದೆ ಬ್ಯಾಟರಿಯನ್ನು ತಿಂದುಹಾಕಬಹುದು, ಇಲ್ಲವೇ ಮಲಗಿದ್ದು ಏಳದೇ ಹೋಗಬಹುದು.

ವಿವರಣೆಗಳು ಎಲ್ಲಿರುತ್ತವೆ?

ಸಾವಿರಾರು ಮಂದಿ ಬೇರೆ ಬೇರೆ ದೇಶಗಳಲ್ಲಿ ಕುಳಿತು ಬರೆಯುವ ಈ ತಿರುಳಿನಲ್ಲಿ, ಒಬ್ಬನು ಬರೆದುದು ಇನ್ನೊಬ್ಬನಿಗೆ ತಿಳಿಯಬೇಕಾದರೆ ವಿವರಣೆ ಬೇಕು. ವಿವರಣೆಯು ಎರಡು ಸ್ಥಳಗಳಲ್ಲಿರುತ್ತದೆ. ಒಂದು, ಸೂಚನೆಗಳ ನಡುವೆಯೇ ಬರೆದ ಟಿಪ್ಪಣಿ. ಎರಡು, ‘ಡಾಕ್ಯುಮೆಂಟೇಶನ್’ ಎಂಬ ಪ್ರತ್ಯೇಕ ವಿಭಾಗದ ಬರಹಗಳು; ಇವುಗಳಲ್ಲಿ ವಿದ್ಯುತ್ ನಿರ್ವಹಣೆಗೂ ಒಂದು ಭಾಗವಿದೆ.

ಟಿಪ್ಪಣಿಗೆ ಒಂದು ವ್ಯಾಕರಣವಿದೆ. ಓರೆಗೆರೆಯ ನಂತರ ಎರಡು ನಕ್ಷತ್ರ ಚಿಹ್ನೆಗಳಿದ್ದರೆ ಅದು ‘ಕರ್ನೆಲ್ ಡಾಕ್’ ಎಂಬ ಉಪಕರಣವು ಓದಬೇಕಾದ ಟಿಪ್ಪಣಿ. ಒಂದೇ ನಕ್ಷತ್ರವಿದ್ದರೆ ಸಾಮಾನ್ಯ ಟಿಪ್ಪಣಿ. ಮೊದಲ ಸಾಲಿನಲ್ಲಿ ಫಂಕ್ಷನ್ನಿನ ಹೆಸರು ಮತ್ತು ಅದು ಮಾಡುವ ಕೆಲಸ, ಅನಂತರ ಅದಕ್ಕೆ ಕೊಡುವ ಒಂದೊಂದು ಪ್ಯಾರಾಮೀಟರಿನ ಅರ್ಥ, ಕೊನೆಗೆ ಅದು ಹಿಂತಿರುಗಿಸುವ ಉತ್ತರ. ಬರೆಯುವವರು ನಕ್ಷತ್ರವೊಂದನ್ನು ಹೆಚ್ಚು ಹಾಕಿದರೆ ಉಪಕರಣವು ದಾರಿ ತಪ್ಪುತ್ತದೆ. ಪ್ಯಾರಾಮೀಟರಿನ ಹೆಸರು ಬದಲಾದರೂ ಟಿಪ್ಪಣಿಯಲ್ಲಿ ಹಳೆಯ ಹೆಸರೇ ಉಳಿಯುವುದು ಇನ್ನೊಂದು ಸಾಮಾನ್ಯ ದೋಷ.

2016ರಿಂದ ತಿರುಳಿನ ಬರಹಗಳನ್ನು ‘ಸ್ಫಿಂಕ್ಸ್’ ಎಂಬ ಸಾಧನಕ್ಕೆ ಹೊಂದುವ ಏಕರೂಪದ ಕ್ರಮಕ್ಕೆ ತರುವ ಕೆಲಸವು ಮೊದಲಾಯಿತು. ವಿದ್ಯುತ್ ನಿರ್ವಹಣೆಯ ಹಳೆಯ ಬರಹಗಳನ್ನು 2019ರಲ್ಲಿ ಮೌರೊ ಕಾರ್ವಾಲೊ ಶೆಹಾಬ್ ಎಂಬವರು ಈ ರೂಪಕ್ಕೆ ಪರಿವರ್ತಿಸಿದರು. ಇದು ದೊಡ್ಡ ಉಪಕಾರ. ಆದರೆ ಅಧ್ಯಾಪಕರಿಗೆ ಗೊತ್ತು, ಅಂದವಾದ ಕೈಬರಹ ಬೇರೆ, ಸರಿಯಾದ ಉತ್ತರ ಬೇರೆ. ರೂಪವು ಸರಿಯಾದ ಮೇಲೆಯೂ ಅರ್ಥವನ್ನು ಪರೀಕ್ಷಿಸುವ ಕೆಲಸವು ಉಳಿದೇ ಇರುತ್ತದೆ.

ಒಂದು ವಾಕ್ಯದ ಕತೆ

ಗಣಕ ಕ್ಷೇತ್ರದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಈ ಬರಹಗಳನ್ನು ನನಗೆ ಪರದೆಯ ಮೇಲೆ ತೋರಿಸಿದನು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನಾನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ತಿಳಿಯದುದನ್ನು ಅವನಲ್ಲಿ ಕೇಳಿ ಓದಿದೆನು. ಅವುಗಳಲ್ಲಿ ಒಂದು ವಾಕ್ಯವು ನನ್ನನ್ನು ಬಹಳ ಯೋಚನೆಗೆ ಹಚ್ಚಿತು.

ಯಂತ್ರವು ಎಚ್ಚರವಾಗಿದ್ದಾಗಲೂ ಅದರ ಒಂದೊಂದು ಸಾಧನವು ಪ್ರತ್ಯೇಕವಾಗಿ ಮಲಗಬಹುದು. ಇದಕ್ಕಾಗಿ ಪ್ರತಿ ಸಾಧನಕ್ಕೂ ಬಳಕೆಯ ಎಣಿಕೆಯೊಂದನ್ನು ಇಡುತ್ತಾರೆ. ಒಂದು ವಾಚನಾಲಯವನ್ನು ಊಹಿಸಿಕೊಳ್ಳಿ. ಒಳಗೆ ಬರುವವನು ಪುಸ್ತಕದಲ್ಲಿ ಹೆಸರು ಬರೆಯುತ್ತಾನೆ, ಆಮೇಲೆ ದೀಪ ಹಾಕುತ್ತಾನೆ. ಹೋಗುವಾಗ ಹೆಸರನ್ನು ಹೊಡೆದುಹಾಕುತ್ತಾನೆ. ಹೆಸರುಗಳೆಲ್ಲ ಹೋದ ಮೇಲೆ ಕಾವಲುಗಾರನು ಬೀಗ ಹಾಕುತ್ತಾನೆ. ‘ಪಿಎಂ ರನ್‌ಟೈಮ್ ಗೆಟ್ ಸಿಂಕ್’ ಎಂಬ ಫಂಕ್ಷನ್ನು ಈ ಹೆಸರು ಬರೆದು ದೀಪ ಹಾಕುವ ಕೆಲಸವನ್ನು ಮಾಡುತ್ತದೆ. ಅದರ ವಿವರಣೆಯಲ್ಲಿ, ಎಣಿಕೆಯನ್ನು ಹೆಚ್ಚಿಸಿ, ಸಾಧನವನ್ನು ಎಬ್ಬಿಸಿ, ಅದರ ಫಲವನ್ನು ತಿಳಿಸುತ್ತದೆ ಎಂಬ ಅರ್ಥದ ಮಾತಿತ್ತು.

ಈ ಮಾತು ಸುಳ್ಳಲ್ಲ. ಆದರೆ ದೀಪವು ಹತ್ತದಿದ್ದರೆ ಏನು? ಬರೆದ ಹೆಸರು ಹಾಗೆಯೇ ಉಳಿಯುತ್ತದೆ! ಕೆಲಸ ವಿಫಲವಾದ ಮೇಲೆ ಎಣಿಕೆಯೂ ತಾನಾಗಿ ಇಳಿದಿರಬಹುದೆಂದು ನಂಬಿ ಎಷ್ಟೋ ಮಂದಿ ಡ್ರೈವರ್‌ಗಳನ್ನು ಬರೆದರು. ಹೆಸರು ಉಳಿದ ಸಾಧನವು ಮತ್ತೆ ಎಂದೂ ತಾನಾಗಿ ಮಲಗುವುದಿಲ್ಲ. ಒಳಗೆ ಯಾರೂ ಇಲ್ಲದಿದ್ದರೂ ಕಾವಲುಗಾರನು ಕಾಯುತ್ತಲೇ ಇರುತ್ತಾನೆ. ಇಂಥ ದೋಷಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು.

2020ರಲ್ಲಿ ‘ಪಿಎಂ ರನ್‌ಟೈಮ್ ರೆಸ್ಯೂಮ್ ಅಂಡ್ ಗೆಟ್’ ಎಂಬ ಹೊಸ ಫಂಕ್ಷನ್ನು ಬಂದಿತು. ವಿಫಲವಾದರೆ ಎಣಿಕೆಯನ್ನು ಅದೇ ಇಳಿಸಿಬಿಡುತ್ತದೆ. ಹಳೆಯದರ ವಿವರಣೆಗೂ ಒಂದು ಮಾತು ಸೇರಿತು: ದೋಷ ಉಂಟಾದಾಗ ಇದು ಎಣಿಕೆಯನ್ನು ಇಳಿಸುವುದಿಲ್ಲ, ಆದುದರಿಂದ ಹೊಸದನ್ನು ಬಳಸುವ ಬಗ್ಗೆ ಯೋಚಿಸಿರಿ ಎಂದು. ಆ ಹಳೆಯ ಫಂಕ್ಷನ್ನು ಬದಲಾಗಲಿಲ್ಲ. ಅದರ ವಿವರಣೆಯು ಪೂರ್ಣವಾಯಿತು. ಈ ಮಾತು ಮೊದಲೇ ಅಲ್ಲಿದ್ದಿದ್ದರೆ ಎಷ್ಟು ಜನರ ಶ್ರಮವು ಉಳಿಯುತ್ತಿತ್ತು!

ಇದನ್ನು ಓದಿದಾಗ ನನ್ನದೇ ತಪ್ಪೊಂದು ನೆನಪಾಯಿತು. ನಾನು ಮುಖ್ಯೋಪಾಧ್ಯಾಯನಾಗಿದ್ದ ಒಂದು ಶಾಲೆಯಲ್ಲಿ ‘ಎಡಗಡೆಯ ಸ್ವಿಚ್ಚು ಪಂಪಿನದು’ ಎಂದು ಚೀಟಿ ಬರೆದು ನಾನೇ ಅಂಟಿಸಿದ್ದೆ. ಮುಂದೆ ವಯರಿಂಗ್ ಬದಲಾಯಿತು. ಚೀಟಿಯನ್ನು ಬದಲಿಸಲು ಮರೆತೆ. ಹೊಸದಾಗಿ ಬಂದ ಜವಾನನು ಒಂದು ಸಂಜೆ ಚೀಟಿಯನ್ನು ನಂಬಿ ಎಡಗಡೆಯ ಸ್ವಿಚ್ಚನ್ನು ಆರಿಸಿ ಮನೆಗೆ ಹೋದನು. ಪಂಪು ದೂರದ ಬಾವಿಯ ಬಳಿ ರಾತ್ರಿಯಿಡೀ ಓಡಿ, ನೀರು ಬತ್ತಿ, ಮೋಟಾರು ಸುಟ್ಟುಹೋಯಿತು. ಮರುದಿನ ಎಲ್ಲರೆದುರು ನಾನು ಅವನನ್ನು ಗದರಿಸಿದೆ. ಅವನು ಏನೂ ಹೇಳದೆ ಚೀಟಿಯ ಕಡೆಗೆ ಕೈ ತೋರಿಸಿದನು. ನನ್ನ ಕೈಬರಹವನ್ನು ನಾನೇ ಓದಿ ತಲೆ ತಗ್ಗಿಸಬೇಕಾಯಿತು.

ಶುದ್ಧಗೊಳಿಸುವ ಕ್ರಮ

ಈ ಕೆಲಸವನ್ನು ಮಾಡಲು ಬಯಸುವ ವಿದ್ಯಾರ್ಥಿಗಳು ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

1. ಮೊದಲು ಉಪಕರಣದಿಂದ ಪರೀಕ್ಷಿಸಬೇಕು. ಯಾವ ಪ್ಯಾರಾಮೀಟರಿಗೆ ವಿವರಣೆಯಿಲ್ಲ, ಯಾವ ಹೆಸರು ಹೊಂದುವುದಿಲ್ಲ ಎಂಬುದನ್ನು ಅದು ಎಚ್ಚರಿಕೆಯ ರೂಪದಲ್ಲಿ ತಿಳಿಸುತ್ತದೆ.

2. ಉಪಕರಣವು ಸುಮ್ಮನಾದೊಡನೆ ಕೆಲಸ ಮುಗಿಯಿತೆಂದು ಭಾವಿಸಬಾರದು. ‘ಸಾಧನ ಎಂದರೆ ಸಾಧನ’ ಎಂದು ಬರೆದರೂ ಅದು ತೃಪ್ತಿಯಾಗುತ್ತದೆ. ಮೂಲ ಸೂಚನೆಗಳನ್ನು ಓದಿ, ಸಫಲವಾದರೆ ಏನು, ವಿಫಲವಾದರೆ ಏನು, ಯಾವ ಸಂದರ್ಭದಲ್ಲಿ ಕರೆಯಬಾರದು ಎಂಬುದನ್ನು ಬರೆಯಬೇಕು.

3. ಪದಗಳ ಅರ್ಥವನ್ನು ಸ್ಪಷ್ಟಗೊಳಿಸಬೇಕು. ವಿದ್ಯುತ್ ನಿರ್ವಹಣೆಯಲ್ಲಿ ‘ಫ್ರೀಜ್’ ಎಂಬ ಒಂದೇ ಪದವು ಹಗುರವಾದ ನಿದ್ರೆಗೂ, ಕಾರ್ಯಕ್ರಮಗಳನ್ನು ತಡೆದಿಡುವುದಕ್ಕೂ, ಹೈಬರ್ನೇಶನ್ ವೇಳೆ ಸಾಧನಗಳನ್ನು ನಿಲ್ಲಿಸುವ ಒಂದು ಹಂತಕ್ಕೂ ಬಳಕೆಯಾಗುತ್ತದೆ. ‘ಮೆಮ್’ ಎಂದು ಆಜ್ಞೆ ಕೊಟ್ಟರೆ ಯಾವ ನಿದ್ರೆ ಬರುವುದೆಂಬುದು ಇನ್ನೊಂದು ಕಡತದ ಆಯ್ಕೆಯನ್ನು ಅವಲಂಬಿಸಿರುತ್ತದೆ. ಇಂಥ ಕಡೆ ಓದುಗನನ್ನು ಊಹೆಗೆ ಬಿಡಬಾರದು.

4. ಹಳೆಯ ವಾಕ್ಯವನ್ನು ಅಳಿಸುವ ಮೊದಲು ಅದರ ಚರಿತ್ರೆಯನ್ನು ನೋಡಬೇಕು. ಪ್ರತಿ ಸಾಲನ್ನೂ ಯಾರು, ಯಾವಾಗ, ಏಕೆ ಸೇರಿಸಿದರೆಂಬ ದಾಖಲೆಯಿರುತ್ತದೆ. ಕೆಲವೊಮ್ಮೆ ತಪ್ಪು ವಿವರಣೆಯಲ್ಲಿರದೆ ಸೂಚನೆಗಳಲ್ಲಿಯೇ ಇರುತ್ತದೆ.

5. ತಿದ್ದುಪಡಿಗಳನ್ನು ಚಿಕ್ಕ ಚಿಕ್ಕ ಭಾಗಗಳಾಗಿ, ಒಂದಕ್ಕೆ ಒಂದೇ ವಿಷಯವೆಂಬಂತೆ, ಕಾರಣ ಸಹಿತ ಕಳುಹಿಸಬೇಕು. ಕೊನೆಯಲ್ಲಿ ಕಳುಹಿಸಿದವರ ಒಪ್ಪಿಗೆಯ ಸಹಿಯ ಸಾಲಿರಬೇಕೆಂಬುದು 2004ರಿಂದ ಬಂದ ಪದ್ಧತಿ. ಅನೇಕ ವರ್ಷಗಳಿಂದ ವಿದ್ಯುತ್ ನಿರ್ವಹಣೆಯ ಭಾಗವನ್ನು ರಫಾಯೆಲ್ ವಿಸೋಟ್ಸ್ಕಿ ಅವರೂ, ವಿವರಣೆಗಳ ವಿಭಾಗವನ್ನು ಜೊನಾಥನ್ ಕಾರ್ಬೆಟ್ ಅವರೂ ನೋಡಿಕೊಳ್ಳುತ್ತ ಬಂದಿದ್ದಾರೆ. ಇಂಥ ಹಿರಿಯರು ಪರಿಶೀಲಿಸಿ ಒಪ್ಪಿದ ಮೇಲೆಯೇ ತಿದ್ದುಪಡಿಯು ತಿರುಳನ್ನು ಸೇರುತ್ತದೆ. ಅವರು ಮರಳಿಸಿದರೆ ಬೇಸರಿಸದೆ ಮತ್ತೆ ತಿದ್ದಿ ಕಳುಹಿಸಬೇಕು.

ಮುಕ್ತಾಯ

ಈ ಕೆಲಸಕ್ಕೆ ಬಹುಮಾನವಾಗಲಿ ಚಪ್ಪಾಳೆಯಾಗಲಿ ಇಲ್ಲ. ಹೊಸ ಯಂತ್ರ ಮಾಡಿದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಅದರ ವಿವರಣೆಯನ್ನು ತಿದ್ದಿದವನನ್ನು ಯಾರೂ ಕೇಳುವುದಿಲ್ಲ. ಆದರೆ ಆ ವಿವರಣೆಯನ್ನು ಓದುವವರೆಲ್ಲರೂ ಇಂಗ್ಲಿಷನ್ನು ಮನೆಮಾತಾಗಿ ಉಳ್ಳವರಲ್ಲ. ಗಡಿನಾಡಿನಲ್ಲಿ ಕನ್ನಡದಲ್ಲಿ ಕಲಿತು, ನಿಘಂಟು ಹಿಡಿದು ಮುಂದೆ ಬಂದ ನಮ್ಮಂಥವರೂ ಅದನ್ನು ಓದುತ್ತಾರೆ. ಬರಹದಲ್ಲಿ ಬಿಟ್ಟುಹೋದುದನ್ನು ಕೇಳಿ ತಿಳಿಯಲು ಅವರ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅವರು ಬರೆದಿರುವುದನ್ನು ಬರೆದಿರುವಂತೆಯೇ ನಂಬುತ್ತಾರೆ, ನನ್ನ ಚೀಟಿಯನ್ನು ಆ ಜವಾನನು ನಂಬಿದಂತೆ.

ಈ ಶಾಲೆಯಲ್ಲಿ ಕಲಿಯುತ್ತಿರುವ ಮಕ್ಕಳು ಮುಂದೆ ಎಲ್ಲಿಯೇ ಇರಲಿ, ಯಾವ ಭಾಷೆಯಲ್ಲಿಯೇ ಬರೆಯಲಿ, ತಮ್ಮನ್ನು ನಂಬಿ ಓದುವವನೊಬ್ಬನಿದ್ದಾನೆ ಎಂಬುದನ್ನು ನೆನಪಿಟ್ಟು ಬರೆಯಲಿ ಎಂಬುದೇ ಈ ಶುಭ ಸಂದರ್ಭದಲ್ಲಿ ನನ್ನ ಹಾರೈಕೆ.