ಕುರ್ಚಿ ಯಾರದು, ಬಸ್ತಾ ಯಾರದು

ಬೊಮ್ರಾಸಪೇಟ್

ತಮ್ಮಾ,

ನಿಮ್ಮ ಆಫೀಸಿನಲ್ಲಿ ಯಾರು ಯಾರ ಬಣ ಅಂತ ಬಾಣ ಎಳೆದು ಕಳಿಸಿದ ಚಿತ್ರ ನೋಡಿದೆ. ಸುಳ್ಳು ಯಾಕೆ ಹೇಳಲಿ, ಸಿಟ್ಟು ಬಂತು. ಮೇಲೆ ಇಬ್ಬರು ಮ್ಯಾನೇಜರು, ಕೆಳಗೆ ಅವರವರ ಮಂದಿ. ಬಿಲ್ ಪಾಸು ಮಾಡುವವನು ಎಲ್ಲಿ? ತಲೆ ನರೆತ ಆ ಅಟೆಂಡರ್ ಎಲ್ಲಿ?

ನಮ್ಮ ಸೀಮೆಯದು ಕೇಳು. 1956ರ ನವೆಂಬರ್ 1ಕ್ಕೆ ಕೊಡಂಗಲ್, ತಾಂಡೂರು ತಾಲೂಕುಗಳು ಗುಲ್ಬರ್ಗಾ ಜಿಲ್ಲೆಯಿಂದ ಕಳಚಿ ಆಂಧ್ರ ಪ್ರದೇಶಕ್ಕೆ ಸೇರಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಹೊಲದ ಹಣೆಬರಹ ಮಾತ್ರ ನಿಜಾಮರ ಕಾಲದ ಉರ್ದು ಸೇತ್ವಾರಿನಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ. 1984ರಲ್ಲಿ ಎನ್.ಟಿ. ರಾಮರಾವ್ ಸರಕಾರ ಪಟೇಲ-ಪಟವಾರಿಕೆ ತೆಗೆದಾಗ ನಾನು ಗುಮಾಸ್ತ. ಊರಿನ ಲೆಕ್ಕ ಹಿಡಿದ ಪಟವಾರಿಗಳ ದರ್ಬಾರು ಮುಗಿಯಿತೆಂದು ಹಿಗ್ಗಿದೆವು. ಎಲ್ಲಿಯ ಮುಗಿಯುವುದು! ಹೊಸ ಸಾಹೇಬರು ದಾಖಲೆಯ ಬಸ್ತಾ ಬಿಚ್ಚಿದರೆ ಗೀಚು ಉರ್ದು, ಓದುವವರಿಲ್ಲ. ಜೀಪು ಮತ್ತೆ ಹಳೇ ಪಟವಾರಿಯ ಬಾಗಿಲಿಗೇ. ಆತ ಚಹಾ ಕುಡಿದು, ಕನ್ನಡಕ ಒರೆಸಿ, ಸರ್ವೆ ನಂಬರಿನ ಮೇಲೆ ಬೆರಳಿಡುವ ತನಕ ಸಾಹೇಬರು ಕೈಕಟ್ಟಿ ಕೂತಿರಬೇಕು. ಅವನು ಓದಿದ್ದೇ ಖರೆ. ದೊಡ್ಡ ರೈತರು ಅವನ ಕಟ್ಟೆ ಬಿಡಲಿಲ್ಲ. ಸಣ್ಣವರಿಗೆ ಅವನ ಪುರುಸೊತ್ತೇ ಸಿಗಲಿಲ್ಲ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಿಶೆಲ್ ಕ್ರೋಜಿಯೆ ಅಲ್ಲಿಯ ಸರಕಾರಿ ತಂಬಾಕು ಕಾರ್ಖಾನೆಗಳಲ್ಲಿ ಕಂಡು 1960ರ ದಶಕದಲ್ಲಿ ಬರೆದದ್ದೂ ಇದೇ. ಎಲ್ಲಕ್ಕೂ ನಿಯಮವಿತ್ತು, ಯಂತ್ರ ಕೆಡುವುದಕ್ಕೆ ಇರಲಿಲ್ಲ. ಹಾಗಾಗಿ ರಿಪೇರಿಯವರ ಮಾತೇ ನಡೆಯುತ್ತಿತ್ತು.

ಯಾವ ಬಣ ಸೇರಲಿ ಅಂತ ಕೇಳಿದ್ದೀ. ನಿರ್ಧಾರ ನಿನ್ನದು, ನಾನು ಅಡ್ಡ ಬರುವುದಿಲ್ಲ. ಆದರೆ ಸೇರಿದೆಯೋ, ಕೆಟ್ಟೆ. ಇಬ್ಬರು ಮ್ಯಾನೇಜರೂ ನಾಳೆ ರಾಜಿಯಾಗಿ ಒಟ್ಟಿಗೆ ಊಟ ಮಾಡುತ್ತಾರೆ, ವರ್ಗಾವಣೆ ನಿನಗೆ ಬರುತ್ತದೆ. ಮೇಲಾಗಿ ಆ ಚಿತ್ರ ವಾಟ್ಸಾಪಿನಲ್ಲಿ! ಇಷ್ಟು ಓದಿದವನಿಗೆ ಅಷ್ಟೂ ತಿಳಿಯಬೇಡವೇ?

ಗದರಿದೆ ಅಂತ ಮುನಿಸಿಕೊಳ್ಳಬೇಡ. ಹೈದರಾಬಾದಿನಲ್ಲಿ ಒಬ್ಬನೇ ಇದ್ದೀ, ಇಬ್ಬರ ನಡುವೆ ಸಿಕ್ಕವನಿಗೆ ನಿದ್ದೆ ಹತ್ತುವುದಿಲ್ಲ. ಒಂದು ತಿಂಗಳು ಸುಮ್ಮನೆ ನೋಡು. ಫೈಲು ಯಾರ ಮೇಜಿನ ಮೇಲೆ ನಿಲ್ಲುತ್ತದೆ? ಸಾಹೇಬರು ರಜೆ ಹಾಕಿದರೆ ಯಾರಿಗೆ ಫೋನು ಹೋಗುತ್ತದೆ? ಅವರ ಕೆಲಸ ಕಲಿ. ಕಲಿತದ್ದನ್ನು ಪಟವಾರಿಯ ಹಾಗೆ ಕಂಕುಳಲ್ಲಿ ಇಟ್ಟುಕೊಳ್ಳದೆ ಇನ್ನಿಬ್ಬರಿಗೆ ಹೇಳಿಕೊಡು.

ಎಳ್ಳಮವಾಸಿಗೆ ರಜೆ ಸಿಕ್ಕರೆ ಬಾ. ಅವ್ವನಿಗೆ ನಾನೇನೂ ಹೇಳಿಲ್ಲ, ನೀನೂ ಹೇಳಬೇಡ.

ನಿನ್ನ ಕಾಕಾ