ಕಾರ್ಕಳ ಒತ್ತಿದರೆ ಕುಂದಾಪುರ

ಉಡುಪಿಯಲ್ಲಿ ಟ್ಯಾಕ್ಸಿ ನಡೆಸುವ ಪರಿಚಿತರೊಬ್ಬರಿಗೆ ವೆಬ್ ಪುಟ ಮಾಡಿಕೊಟ್ಟಿದ್ದೆ. ಅದರಲ್ಲಿ ಜಿಲ್ಲೆಯ ನಕ್ಷೆ. ಊರನ್ನು ಒತ್ತಿದರೆ ಆ ಊರಿನ ಪುಟ ತೆರೆಯಬೇಕು. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಿತ್ತು. ಮರುದಿನ ಬೆಳಿಗ್ಗೆ ಅವರ ಫೋನು: "ಎಂಥ ಮಾರಾಯ್ರೆ ಇದು? ಕಾರ್ಕಳ ಒತ್ತಿದ್ರೆ ಕುಂದಾಪುರ ಬರ್ತದೆ. ಕಾಪು ಒತ್ತಿದ್ರೆ ಎಂಥದೂ ಇಲ್ಲ!"

ಹೀಗೆ ಒಂದೇ ಚಿತ್ರದ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಲಿಂಕ್ ಕೊಡುವ ಇಮೇಜ್ ಮ್ಯಾಪ್ ಹಳೆಯ ವಿದ್ಯೆ. ಉಡುಪಿ ಪ್ರತ್ಯೇಕ ಜಿಲ್ಲೆಯಾದ 1997ರಲ್ಲೇ ಬಂದ ಎಚ್‌ಟಿಎಂಎಲ್ 3.2ರಲ್ಲಿ ಅದಿತ್ತು. ಚಿತ್ರದ 'ಯೂಸ್‌ಮ್ಯಾಪ್'ನಲ್ಲಿ ಒಂದು ಹೆಸರು ಕೊಡುತ್ತೇವೆ. ಅದೇ ಹೆಸರಿನ 'ಮ್ಯಾಪ್' ಟ್ಯಾಗಿನೊಳಗೆ ಊರಿಗೊಂದು 'ಏರಿಯಾ' ಬರೆಯುತ್ತೇವೆ. ಆಕಾರ ಮೂರು ಬಗೆ: ಆಯತ, ವೃತ್ತ, ಬಹುಭುಜ. ಜಾಗ ಗುರುತಿಸುವುದು ಚಿತ್ರದ ಎಡ ಮೇಲ್ಮೂಲೆಯಿಂದ ಎಣಿಸಿದ ಪಿಕ್ಸೆಲ್‌ಗಳಲ್ಲಿ.

ಮೊದಲು ಆಯತಗಳನ್ನೇ ಹಾಕಿದ್ದೆ. ಕಾರ್ಕಳದ ಆಯತ ಹೆಬ್ರಿಯ ಒಂದು ಪಾಲನ್ನೂ ನುಂಗಿತು. ಹೊಳೆ, ಗುಡ್ಡ ಹಿಡಿದು ಸಾಗುವ ತಾಲೂಕು ಗಡಿಗೆ ಬಹುಭುಜವೇ ಬೇಕು. ಒಂದೊಂದು ತಿರುವಿಗೂ ಒಂದು ಬಿಂದು ಗುರುತಿಸುತ್ತ ಎರಡು ರಾತ್ರಿ ಕೂತೆ. ಮಣಿಪಾಲದ್ದು ಬೇರೆ ಸಮಸ್ಯೆ. ಅದು ಉಡುಪಿ ತಾಲೂಕಿನ ಒಳಗೇ ಇರುವ ಪುಟ್ಟ ವೃತ್ತ. ಎಷ್ಟು ಒತ್ತಿದರೂ ಉಡುಪಿಯೇ ತೆರೆಯುತ್ತಿತ್ತು. ಒಂದರ ಮೇಲೊಂದು ಏರಿಯಾ ಬಂದರೆ ಮೊದಲು ಬರೆದದ್ದೇ ಗೆಲ್ಲುತ್ತದೆ. ಮಣಿಪಾಲದ ಸಾಲನ್ನು ಉಡುಪಿಗಿಂತ ಮೇಲೆ ತಂದ ಮೇಲೆ ಸರಿಯಾಯಿತು.

ಆದರೆ ಫೋನಿನ ದೂರಿಗೆ ಕಾರಣ ಇವು ಯಾವುವೂ ಅಲ್ಲ. ನನ್ನ ಚಿತ್ರದ ಅಗಲ 900 ಪಿಕ್ಸೆಲ್. ಅವರ ಫೋನಿನಲ್ಲಿ ಅದು 360ಕ್ಕೆ ಕುಗ್ಗಿತ್ತು. ಚಿತ್ರ ಕುಗ್ಗಿದರೂ ಏರಿಯಾದ ಅಂಕಿಗಳು ಕುಗ್ಗುವುದಿಲ್ಲ. ಹಾಗಾಗಿ ಬಲ ಕೆಳಗಿನ ಕಾರ್ಕಳವನ್ನು ಒತ್ತಿದ ಬೆರಳು, ಹಳೆಯ ಅಳತೆಯಲ್ಲಿ ಮೇಲೆ ಎಡಕ್ಕಿರುವ ಕುಂದಾಪುರದ ಮೇಲೆ ಬೀಳುತ್ತಿತ್ತು. ಕಾಪು ಒತ್ತಿದವರಿಗೆ ಸಿಕ್ಕಿದ್ದು ಅರಬ್ಬಿ ಸಮುದ್ರ. ಕಾಪುವಿನ ದೀಪಸ್ತಂಭ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಕಡಲಿನವರಿಗೆ ದಾರಿ ತೋರಿಸಿದೆ. ನನ್ನ ನಕ್ಷೆ ನೆಲದ ಮೇಲಿದ್ದವರನ್ನು ಕಡಲಿಗೆ ಕಳಿಸಿತು. ಫೋನಿನಲ್ಲಿ ಒಮ್ಮೆಯೂ ಒತ್ತಿ ನೋಡದೆ ಕೊಟ್ಟದ್ದು ನನ್ನದೇ ತಪ್ಪು.

ಚಿತ್ರದ ಈಗಿನ ಅಗಲಕ್ಕೆ ತಕ್ಕಂತೆ ಎಲ್ಲ ಅಂಕಿಗಳನ್ನು ಗುಣಿಸುವ ಪುಟ್ಟ ಜಾವಾಸ್ಕ್ರಿಪ್ಟ್ ಸೇರಿಸಬಹುದು. ನಾನು ಮಾತ್ರ ನಕ್ಷೆಯನ್ನೇ, ಆಕಾರಗಳನ್ನು ಗೆರೆಗಳಾಗಿ ಬರೆದಿಡುವ ಎಸ್‌ವಿಜಿಯಲ್ಲಿ ಮತ್ತೆ ಬರೆದೆ. ಅಲ್ಲಿ ಗಡಿಗಳೂ ಚಿತ್ರದ ಜೊತೆಗೇ ಹಿಗ್ಗಿ ಕುಗ್ಗುತ್ತವೆ. ಒಂದು ಎಚ್ಚರ ಬೇಕು: ಎಸ್‌ವಿಜಿಯಲ್ಲಿ ಕೊನೆಗೆ ಬರೆದದ್ದು ಮೇಲೆ ಕೂರುತ್ತದೆ. ಮಣಿಪಾಲವನ್ನು ಈ ಸಲ ಉಡುಪಿಯ ನಂತರ ಇಡಬೇಕಾಯಿತು.

ಇಷ್ಟಾದರೂ ಕಣ್ಣು ಕಾಣದ ನನ್ನ ಗೆಳೆಯನಿಗೆ ಆ ನಕ್ಷೆ ಮೂಕವೇ ಆಗಿತ್ತು. ಪರದೆಯಲ್ಲಿರುವುದನ್ನು ಓದಿ ಹೇಳುವ ಅವನ ಫೋನು ಪ್ರತಿ ಊರಿಗೂ "ಲಿಂಕ್, ಲಿಂಕ್" ಎಂದಷ್ಟೇ ಓದಿತು. ಇಮೇಜ್ ಮ್ಯಾಪಿನಲ್ಲಿ ಹಾಗೆ ಓದಿ ಹೇಳಲು ಬೇಕಾದ 'ಆಲ್ಟ್' ಬರಹವನ್ನೇ ಬಿಟ್ಟಿದ್ದೆ. ಎಸ್‌ವಿಜಿಗೂ ಹೆಸರು ಕೊಟ್ಟಿರಲಿಲ್ಲ. ಈಗ ಪ್ರತಿ ಊರಿಗೂ ಕನ್ನಡದಲ್ಲಿ ಒಂದು ಸಾಲಿದೆ: ಕಾರ್ಕಳ, 1432ರ ಗೊಮ್ಮಟನ ಊರು; ಕಾಪು, 1901ರ ದೀಪಸ್ತಂಭ. ಅವನು ಕೇಳಿ ಕಾರ್ಕಳವನ್ನು ತೆರೆದ.

ನಿಮ್ಮ ಊರಿನ ನಕ್ಷೆ ಮಾಡುವುದಾದರೆ ಅದರ ಕೆಳಗೆ ಊರುಗಳ ಹೆಸರನ್ನು ಅಕ್ಷರದಲ್ಲೂ ಪಟ್ಟಿ ಮಾಡಿ. ದಪ್ಪ ಬೆರಳಿನವರೂ, ಕಣ್ಣು ಮಂಜಾದವರೂ ನಮ್ಮ ಊರಿಗೆ ಬರುವವರೇ.